ಫಿಲ್ತಿ

ಕೊಳಕನ್ನು ಸೂಚಿಸುವ ಆಂಗ್ಲಭಾಷೆಯ ಗುಣವಾಚಕಗಳಲ್ಲಿ ಅತ್ಯಂತ ತೀಕ್ಷ್ಣವಾದವುಗಳ ಸಾಲಿಗೆ ಸೇರಿದ ಪದ. ಧೂಳು ಮಸಿಗಳಿಂದ ಮಾಸಿದುದೆಲ್ಲವೂ ‘ಡರ್ಟಿ’. ಒಗೆದರೆ, ಒರಸಿದರೆ ಆ ಮಾತು ಅಲ್ಲಿಗೆ ಮುಗಿಯುವುದು. ‘ಫಿಲ್ತಿ’ಯಾದರೋ ಕಂಡವನು ಮೂಗು ಮುಚ್ಚಿ ಮುಖ ತಿರುಗಿಸುವಂಥ ಮಾಲಿನ್ಯವನ್ನು ನಿರ್ದೇಶಿಸುವುದು. ಕೆಸರಾಡಿ ಬಂದ ಮಗುವನ್ನು ತಾಯಿಯು ಈ ಪದದಿಂದ ಗದರುವುದುಂಟಾದರೂ ಅದು ಕೇವಲ ಅತಿಶಯೋಕ್ತಿ.

ಜುಗುಪ್ಸೆಯು ಈ ಪದಕ್ಕೆ ಹೊರಗಿನಿಂದ ಬಂದು ಅಂಟಿದುದಲ್ಲ, ಅದರ ಧಾತುವಿನಲ್ಲಿಯೇ ನೆಲೆಸಿರುವುದು. ‘ಸ್ಟ್ರಾಂಗ್’ ಎಂಬುದರಿಂದ ‘ಸ್ಟ್ರೆಂಗ್ತ್’ ಎಂಬ ಭಾವನಾಮವು ಸ್ವರವ್ಯತ್ಯಾಸದೊಡನೆ ಸಿದ್ಧಿಸಿದಂತೆಯೇ, ಇಂದಿನ ‘ಫೌಲ್’ ಶಬ್ದದ ಪ್ರಾಚೀನರೂಪದಿಂದ ‘ಫಿಲ್ತ್’ ಎಂಬುದು ಹುಟ್ಟಿ, ಅದರಿಂದ ಈ ಗುಣವಾಚಕವು ನಿಷ್ಪನ್ನವಾಯಿತು. ಇವೆಲ್ಲಕ್ಕೂ ಮೂಲವಾದ ಇಂಡೋ-ಯುರೋಪಿಯನ್ ಧಾತುವಿನ ಅರ್ಥ ಕೊಳೆತು ನಾರುವುದು ಎಂದು. ‘ಪಿತೃ’ವಿಗೆ ‘ಫಾದರ್’, ‘ಪಾದ’ಕ್ಕೆ ‘ಫುಟ್’ ಎಂಬ ಸಂವಾದಿರೂಪಗಳಲ್ಲಿ ಪಕಾರವು ಫಕಾರವಾಗಿ ಪರಿಣಮಿಸಿರುವ ನಿಯಮವನ್ನು ಜರ್ಮನಿಯ ಯಾಕೋಬ್ ಗ್ರಿಮ್ 1822ರಲ್ಲಿ ವ್ಯವಸ್ಥಿತವಾಗಿ ನಿರೂಪಿಸಿದನಷ್ಟೆ; ಆ ದಾರಿಯಲ್ಲಿಯೇ ನಡೆದರೆ, ‘ಪೂತಿಗಂಧ’ದಲ್ಲಿರುವ ‘ಪೂತಿ’ಯೂ ಕೀವೆಂಬರ್ಥದ ‘ಪೂಯ’ವೂ ಈ ಆಂಗ್ಲಪದದ ದಾಯಾದಿಗಳೆಂಬುದು ಗೋಚರಿಸುವುದು. ಶುದ್ಧವೆಂಬ ಅರ್ಥದ ‘ಪೂತ’ ಮಾತ್ರ ಬೇರೆ ಧಾತುವಿನಿಂದ ಬಂದುದಾದುದರಿಂದ ಎರಡನ್ನೂ ಬೆರೆಸಲಾಗದು. ಯಾವ ಬಂಧುತ್ವವೂ ಇಲ್ಲದ ನಮ್ಮ ಕನ್ನಡದಲ್ಲಿಯೂ ‘ಕೊಳೆ’ ಎಂಬುದು ಕ್ರಿಯೆಯಾಗಿ ಕೆಟ್ಟು ನಾರುವುದನ್ನೂ ನಾಮವಾಗಿ ಮಲವನ್ನೂ ಹೇಳುತ್ತಿರುವುದು ಭಾಷಾಜಿಜ್ಞಾಸುಗಳು ಮನಗಾಣಬೇಕಾದ ಸಂಗತಿ.

ನೈತಿಕಾರ್ಥವೂ ಪ್ರಾಚೀನವಾದುದೇ. ವಿಲಿಯಂ ಟಿಂಡೇಲನು 1526ರಲ್ಲಿ ಪ್ರಕಟಿಸಿದ ಹೊಸ ಒಡಂಬಡಿಕೆಯ ಅನುವಾದದಲ್ಲಿ, ನಾಚಿಕೆಗೇಡಿನ ಲಾಭವೆಂಬ ಗ್ರೀಕ್ ಭಾವವನ್ನು ‘ಫಿಲ್ತಿ ಲೂಕರ್’ ಎಂದು ರೂಪಿಸಿದನು. 1611ರ ಅಧಿಕೃತ ಬೈಬಲ್ ಅದನ್ನು ಉಳಿಸಿಕೊಂಡುದರಿಂದ ಅದು ನಾಣ್ನುಡಿಯಾಗಿ ಬೇರೂರಿತು. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದಲ್ಲಿಯಂತೂ ಪದದ ಎರಡು ಮುಖಗಳೂ ಕಾಣುವುವು: ಪ್ರಥಮದೃಶ್ಯದಲ್ಲಿ ಮಾಟಗಾತಿಯರ ಬಾಯಲ್ಲಿ ಅದು ಮಂಜು ಕವಿದ ಗಾಳಿಗೆ ವಿಶೇಷಣವಾಗಿದ್ದರೆ, ಎರಡನೆಯ ಅಂಕದಲ್ಲಿ ಲೇಡಿ ಮ್ಯಾಕ್‌ಬೆತ್ ಗಂಡನ ಕೈಗಂಟಿದ ರಕ್ತವನ್ನು ಅದೇ ಪದದಿಂದ ಹೆಸರಿಸಿ, ತೊಳೆದುಕೊಳ್ಳೆಂದು ಹೇಳುವಳು. ನೀರಿನಿಂದ ಹೋಗುವ ಕೊಳೆಯನ್ನೂ ನೀರಿನಿಂದ ಹೋಗದ ಪಾಪವನ್ನೂ ಒಂದೇ ಪದದಲ್ಲಿ ಹಿಡಿದಿಟ್ಟ ಈ ಪ್ರಯೋಗಕ್ಕೆ ಸಮನಾದುದು ದುರ್ಲಭ.

ಹತ್ತೊಂಬತ್ತನೆಯ ಶತಮಾನದಲ್ಲಿ ‘ಫಿಲ್ತ್’ ಆರೋಗ್ಯಶಾಸ್ತ್ರದ ಪರಿಭಾಷೆಯಾಯಿತು. ಶ್ರಮಜೀವಿಗಳ ವಸತಿಗಳನ್ನು ಕುರಿತು ಎಡ್ವಿನ್ ಚಾಡ್ವಿಕ್ 1842ರಲ್ಲಿ ಸಲ್ಲಿಸಿದ ವರದಿಯು, ಚರಂಡಿಯಿಲ್ಲದ ಓಣಿಗಳಲ್ಲಿ ಕೊಳೆಯುತ್ತಿದ್ದ ಕಲ್ಮಷದ ದುರ್ವಾಯುವೇ ಜ್ವರಗಳಿಗೆ ಕಾರಣವೆಂದು ವಾದಿಸಿತು. ಆ ಸಿದ್ಧಾಂತವು ತಪ್ಪೆಂದು ಮುಂದೆ ಸಿದ್ಧವಾದರೂ, ಅದರ ಪ್ರೇರಣೆಯಿಂದ ನಿರ್ಮಿತವಾದ ಚರಂಡಿಗಳೂ ಶುದ್ಧಜಲದ ವ್ಯವಸ್ಥೆಯೂ ಜನರ ಪ್ರಾಣವನ್ನುಳಿಸಿದುವು. ಶೋಚನೀಯವಾದುದೆಂದರೆ, ಓಣಿಗೆ ಸಲ್ಲಬೇಕಾಗಿದ್ದ ವಿಶೇಷಣವು ಆ ಓಣಿಯಲ್ಲಿ ಬಾಳುವಂತಾದ ಬಡವನಿಗೆ ಅಂಟಿದುದು. ಸ್ಥಳವನ್ನು ವರ್ಣಿಸುವಾಗ ಸತ್ಯವನ್ನು ನುಡಿಯುವ ಈ ಪದವು ಮನುಷ್ಯನಿಗೆ ಅನ್ವಯಿಸಿದೊಡನೆ ಬೈಗುಳಾಗುವುದು. ವಿವೇಕವುಳ್ಳ ಲೇಖಕರು ಹಾಗೆ ಬಳಸುವುದಿಲ್ಲ.

ಅಶ್ಲೀಲವಾದ ಮಾತು, ಬ್ರಿಟಿಷರ ಆಡುನುಡಿಯಲ್ಲಿ ಗಾಳಿಮಳೆಯ ದಿನ, ಸಿಡುಕಿನ ಮನಃಸ್ಥಿತಿ, ಇವೆಲ್ಲವೂ ಈ ವಿಶೇಷಣಕ್ಕೆ ಒಳಪಡುವುವು. ಅಮೆರಿಕದ ಬೇಸ್‌ಬಾಲ್ ರಸಿಕರು ಎದುರಿಸಲಾಗದ ಎಸೆತವನ್ನು ಇದೇ ಪದದಿಂದ ಪ್ರಶಂಸಿಸುವರು.

ಭಾಷಾಂತರಕಾರನಿಗೆ ಕನ್ನಡದ ‘ಹೊಲಸು’ ಬಹುಮಟ್ಟಿಗೆ ನೆರವಾಗುವುದು. ಹೊಲಸು ಬಟ್ಟೆ, ಹೊಲಸು ಮಾತು ಎರಡೂ ಸಹಜವಾದುವು. ಗಾಳಿಮಳೆಗೆ ಅದು ಒಪ್ಪದು, ಅಲ್ಲಿ ‘ಹಾಳು ಮಳೆ’ ಎನ್ನಬೇಕು. ಮಿತಿಮೀರಿದ ಸಿರಿವಂತಿಕೆಯನ್ನು ಹೇಳುವ ‘ಫಿಲ್ತಿ ರಿಚ್’ ಎಂಬಲ್ಲಿ ಈ ಪದವು ಕ್ರಿಯಾವಿಶೇಷಣದಂತೆ ವರ್ತಿಸುವುದು. ಅದಕ್ಕೆ, ಅವನ ಮನೆಯಲ್ಲಿ ದುಡ್ಡು ಕೊಳೆಯುತ್ತಿದೆ ಎಂಬ ನಮ್ಮ ಜನರ ಮಾತಿಗಿಂತ ಸಮೀಪವಾದುದನ್ನು ಹುಡುಕಬೇಕಾಗಿಲ್ಲ.