ಕೋವಿಯ ಆರೈಕೆ: ಸಲಕರಣೆಗಳ ಆಯ್ಕೆ ಹೇಗೆ?

ಕನ್ನಡ ನಾಡಿನಲ್ಲಿ ಕೋವಿ ಎಂದೊಡನೆ ನೆನಪಾಗುವುದು ಕೊಡಗು. ಗದ್ದೆಯ ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಂದು ಕೊಡವರು ಕೋವಿ, ಒಡಿಕತ್ತಿಗಳನ್ನು ಶುಚಿಗೊಳಿಸಿ, ತೋಕ್‌ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿ ಬ್ರಿಟಿಷರ ಕಾಲದಷ್ಟು ಹಳೆಯದು. 2019ರಲ್ಲಿ ಕೇಂದ್ರ ಸರ್ಕಾರವು ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಉಳಿದವರಿಗೆ ಪರವಾನಗಿ ಕಡ್ಡಾಯ.

ಬ್ಯಾಂಕಿನ ಉದ್ಯೋಗದಲ್ಲಿರುವ ನಾವು ಕೋವಿಯನ್ನು ಕಂಡದ್ದು ಕಾವಲುಗಾರರ ಹೆಗಲಿನಲ್ಲಿ. ಹಿಂದೊಮ್ಮೆ ಕರಾವಳಿಯ ಶಾಖೆಯೊಂದರಲ್ಲಿ, ಕಬ್ಬಿಣದ ಸರಳಿನಿಂದ ವರ್ಷಗಟ್ಟಲೆ ಉಜ್ಜಿದ ಜೋಡಿನಳಿಗೆಯ ಕೋವಿಯ ಒಳಗೆ ಗೀರುಗಳೂ ಆ ಗೀರುಗಳಲ್ಲಿ ತುಕ್ಕೂ ತುಂಬಿದ್ದನ್ನು ನೋಡಿದೆವು. ಗುಂಡು ಹಾರಿಸಿ ಕೆಟ್ಟ ಕೋವಿಗಿಂತ ತಪ್ಪು ಸಲಕರಣೆಯಿಂದ ಕೆಟ್ಟ ಕೋವಿಗಳೇ ಹೆಚ್ಚೆಂದು ಅಂದು ನಮಗನ್ನಿಸಿತು.

ಮೊದಲ ನಿಯಮ:
ಸಲಕರಣೆಗೆ ಕೈಹಾಕುವ ಮುನ್ನ ಕೋವಿ ಬರಿದಾಗಿದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸತಕ್ಕದ್ದು. ತೋಟಾಗಳು ಆ ಕೋಣೆಯಲ್ಲಿಯೇ ಇರಕೂಡದು.

ಸರಳು:
ಒಂದೇ ತುಂಡಿನ ಸರಳು ಉತ್ತಮ. ಜೋಡಿಸುವ ಸರಳಾದರೆ ಕೀಲುಗಳು ನುಣುಪಾಗಿರಬೇಕು. ಹಿತ್ತಾಳೆಯದು ಅಥವಾ ಪ್ಲಾಸ್ಟಿಕ್ ಲೇಪಿತ ಉಕ್ಕಿನದು ಆಗಬಹುದು. ಮೆದು ಲೋಹಕ್ಕೆ ಮರಳಿನ ಕಣ ಅಂಟಿಕೊಳ್ಳುವುದರಿಂದ ಪ್ರತಿಸಲ ಒರೆಸಬೇಕು. ಸಾಧ್ಯವಿದ್ದಲ್ಲೆಲ್ಲ ತೋಟಾ ತುಂಬುವ ಕಡೆಯಿಂದಲೇ ಸರಳನ್ನು ತೂರಿಸತಕ್ಕದ್ದು. ಬಾಯಿಯ ಅಂಚು ಸವೆದರೆ ರೈಫಲಿನ ಗುರಿ ಕೆಡುತ್ತದೆ.

ಬ್ರಷ್ ಮತ್ತು ಬಟ್ಟೆ:
ಬ್ರಷ್ ನಳಿಗೆಯ ಅಳತೆಗೆ ಸರಿಹೊಂದಬೇಕು. 12 ಬೋರ್ ಕೋವಿಯ ಒಳವ್ಯಾಸ ಸುಮಾರು 18.5 ಮಿ.ಮೀ., .22 ರೈಫಲಿನದು ಸುಮಾರು 5.6 ಮಿ.ಮೀ. ಗಟ್ಟಿ ಮಸಿಗೂ ಸೀಸದ ಪದರಕ್ಕೂ ಕಂಚಿನ ಬ್ರಷ್ ಯೋಗ್ಯ. ಉಕ್ಕಿನ ಬ್ರಷ್ ಬೇಡ. ತಾಮ್ರ ಕರಗಿಸುವ ಅಮೋನಿಯಾಯುಕ್ತ ದ್ರಾವಕವು ಕಂಚನ್ನೂ ತಿನ್ನುವುದರಿಂದ ಅದರೊಡನೆ ನೈಲಾನ್ ಬ್ರಷ್ ಬಳಸಬೇಕು. ಬ್ರಷ್ಷನ್ನು ನಳಿಗೆಯ ನಡುವೆ ಹಿಂದಕ್ಕೆಳೆಯದೆ, ಪೂರ್ತಿ ಹೊರಬಂದ ಬಳಿಕವೇ ಎಳೆಯಬೇಕು. ಒರೆಸಲು ಹಳೆಯ ಹತ್ತಿ ಪಂಚೆಯ ತುಂಡುಗಳೇ ಸಾಕು.

ಎಣ್ಣೆ:
ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ಸಲ್ಲದು. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಕಾಲಕ್ರಮದಲ್ಲಿ ಅಂಟಾಗಿ ದೂಳು ಹಿಡಿಯುತ್ತದೆ. ಕೋವಿಗೆಂದೇ ತಯಾರಾದ ತೆಳುವಾದ ಎಣ್ಣೆಯನ್ನು ಕೆಲವೇ ಹನಿ ಹಚ್ಚಿದರೆ ಸಾಕು. ಹೆಚ್ಚಾದರೆ ಅದು ಮರದ ಹಿಡಿಗೆ ಇಳಿದು ಮರವನ್ನು ಮೆದುವಾಗಿಸುತ್ತದೆ. ಹಿಡಿಗೆ ಅಗಸೆ ಎಣ್ಣೆ ಒಳ್ಳೆಯದು. ಆದರೆ ಆ ಎಣ್ಣೆಯ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಹರಡಿ ಒಣಗಿಸಬೇಕು.

ತಿರುಪುಳಿ:
ಸಾಮಾನ್ಯ ತಿರುಪುಳಿಯ ತುದಿ ಓರೆಯಾಗಿರುವುದರಿಂದ ತಿರುಪಿನ ಗಾಡಿಯನ್ನು ಕೆಡಿಸುತ್ತದೆ. ಸಮಾಂತರ ಅಂಚಿನದನ್ನೇ ಕೊಳ್ಳಬೇಕು. ಒಳಯಂತ್ರದ ರಿಪೇರಿಯನ್ನು ಪರವಾನಗಿ ಪಡೆದ ದುರಸ್ತಿಗಾರರಿಗೇ ಬಿಡತಕ್ಕದ್ದು.

ಸಂಗ್ರಹ:
ಕೊಡಗಿನ ಮಳೆಗಾಲದ ತೇವವೂ ನಮ್ಮ ಮಧುರವಾಡದ ಕಡಲಗಾಳಿಯ ಉಪ್ಪೂ ಉಕ್ಕಿಗೆ ಸಮಾನ ವೈರಿಗಳು. ಚರ್ಮದ ಚೀಲ ತೇವವನ್ನು ಹಿಡಿದಿಡುವುದರಿಂದ ಅದರಲ್ಲಿ ಬಹುಕಾಲ ಇಡಬಾರದು. ಬೀಗವಿರುವ ಬೀರುವಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಟ್ಟು, ಮಳೆಗಾಲದಲ್ಲಿ ಆಗಾಗ ತೆಗೆದು ನೋಡುವುದು ಲೇಸು. ಕೆಲಸ ಮುಗಿದ ಮೇಲೆ ಕೈಗಳನ್ನು ಸಾಬೂನಿನಿಂದ ತೊಳೆಯಲು ಮರೆಯಬಾರದು, ಮಸಿಯಲ್ಲಿ ಸೀಸವಿರುತ್ತದೆ.

ದುಬಾರಿ ಪೆಟ್ಟಿಗೆ ಬೇಕಿಲ್ಲ. ಸರಿಯಾದ ಒಂದು ಸರಳು, ಅಳತೆಯ ಬ್ರಷ್, ಒಳ್ಳೆಯ ಎಣ್ಣೆ, ಹತ್ತಿ ಬಟ್ಟೆ ಇವಿಷ್ಟಿದ್ದರೆ ಅಜ್ಜನ ಕೋವಿ ಮೊಮ್ಮಗನ ಕಾಲಕ್ಕೂ ಕೆಡದೆ ಉಳಿದೀತು.