ಎಲ್ಲಿಂದ ಬಂತು ಈ ಕಾರ್ಟಿಸಾಲ್?

ಗೋವಿನಕೋವಿಯ ಕಡೆಯಿಂದ ದಾವಣಗೆರೆಗೋ ಶಿವಮೊಗ್ಗಕ್ಕೋ ಆಸ್ಪತ್ರೆಗೆ ಬರುವವರ ಕೈಚೀಲದಲ್ಲಿ ಏನೇನಿದೆ ಎಂದು ನೋಡಬೇಕು. ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚಾದಂತೆ ಕಾಣುವ ಕಾಯಿಲೆಗೆ ಅದೇ ಮೊದಲ ಪರೀಕ್ಷೆ. ನಾನು ಅದೇ ಊರಿನವನು, ಲ್ಯಾಬ್ ಟೆಕ್ನಿಷಿಯನ್ ಆಗಿ ದುಡಿದು ನಿವೃತ್ತನಾದವನು. ಸೂಜಿ ಹಿಡಿಯುವ ಮೊದಲು ಚೀಲ ಬಿಚ್ಚಿಸುವ ಅಭ್ಯಾಸ ಹಚ್ಚಿದ್ದು ಒಬ್ಬ ಹಿರಿಯ ಡಾಕ್ಟರು.

ನಮ್ಮ ಸೀಮೆಯ ಒಬ್ಬ ಹೆಂಗಸು ಬಂದಿದ್ದರು. ಮುಖ ದುಂಡಗೆ ಊದಿತ್ತು, ಕತ್ತಿನ ಹಿಂದೆ ಕೊಬ್ಬು ಗಂಟುಕಟ್ಟಿತ್ತು, ಹೊಟ್ಟೆ ಮುಂದೆ ಬಂದಿತ್ತು. ಕೈಕಾಲು ಮಾತ್ರ ಸೊರಗಿದ್ದವು. ಹೊಟ್ಟೆಯ ಮೇಲೆ ಬೆರಳಗಲದ ಕೆನ್ನೀಲಿ ಗೆರೆಗಳು. ಕುಕ್ಕರುಗಾಲಲ್ಲಿ ಕೂತರೆ ನೆಲಕ್ಕೆ ಕೈಯೂರದೆ ಏಳಲಾಗದು. ಇಷ್ಟೆಲ್ಲ ಇದ್ದೂ ಬೆಳಗಿನ ರಕ್ತದಲ್ಲಿ ಕಾರ್ಟಿಸಾಲ್ ಹೆಚ್ಚುಕಡಿಮೆ ಸೊನ್ನೆ! ಹೊಸದಾಗಿ ಸೇರಿದ್ದ ಹುಡುಗ ಸ್ಯಾಂಪಲ್ ಅದಲುಬದಲಾಗಿದೆ ಅಂದ. ನಾನು ಹೋಗಿ ಕೇಳಿದೆ:

“ಯಾವ ಮಾತ್ರೆ ತಗೊಂತೀಯವ್ವ?”

“ಮಾತ್ರೆ ಒಂದೂ ಇಲ್ಲಪ್ಪ. ಮಂಡಿನೋವಿಗೆ ಸಂತೇಲಿ ಪುಡಿ ಕೊಡ್ತಾರಲ್ಲ, ಅದು. ಅದು ತಿಂದ್ರೇನೇ ನಾಟಿಗೆ ಹೋಗಾಕಾಗೋದು.”

ಎಲೆಅಡಿಕೆ ಸಂಚಿಯ ಒಳಖಾನೆಯಿಂದ ಕಾಗದದ ಪೊಟ್ಟಣ ತೆಗೆದು ತೋರಿಸಿದರು. ಹಳದಿ ಮಿಶ್ರಿತ ಬೂದುಬಣ್ಣದ ಪುಡಿ. ಇಂಥ ಪುಡಿಗಳಲ್ಲಿ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್‌ನಂಥ ಸ್ಟೀರಾಯ್ಡ್ ಅರೆದು ಬೆರೆಸುವುದುಂಟು. ಅವು ದೇಹದಲ್ಲಿ ಕಾರ್ಟಿಸಾಲ್‌ನ ಕೆಲಸವನ್ನೇ ಮಾಡುತ್ತವೆ, ಆದರೆ ಕಾರ್ಟಿಸಾಲ್ ಅಳೆಯುವ ಪರೀಕ್ಷೆಗೆ ಸಿಗುವುದಿಲ್ಲ. ಹೊರಗಿನಿಂದ ಬೇಕಾದಷ್ಟು ಬರುತ್ತಿರುವಾಗ ದೇಹದ ಸ್ವಂತ ಗ್ರಂಥಿ ಕೆಲಸ ನಿಲ್ಲಿಸುತ್ತದೆ. ಗಾಬರಿಯಿಂದ ಪುಡಿಯನ್ನು ಒಮ್ಮೆಲೇ ಬಿಡಿಸಿದರೆ ಬಿ.ಪಿ. ಕುಸಿದು ಜೀವಕ್ಕೇ ಅಪಾಯ. ಡಾಕ್ಟರು ಅದನ್ನು ಬಿಡಿಸಿ, ಅಳತೆ ಗೊತ್ತಿರುವ ಮಾತ್ರೆ ಕೊಟ್ಟು, ಅದನ್ನು ತಿಂಗಳುಗಟ್ಟಲೆ ಇಳಿಸುತ್ತ ಬಂದರು. ನಮ್ಮ ಕಡೆ ಈ ಲಕ್ಷಣ ಹೊತ್ತು ಬರುವವರಲ್ಲಿ ಹೆಚ್ಚಿನವರ ಕಾರಣ ದೇಹದೊಳಗಿಲ್ಲ, ಸಂಚಿಯಲ್ಲಿದೆ. ಇದನ್ನು ಕೇಳದೆ ಸಾವಿರಾರು ರೂಪಾಯಿಯ ಸ್ಕ್ಯಾನ್ ಬರೆದುಕೊಡುವುದು ಕಂಡಾಗೆಲ್ಲ ನನಗೆ ಸಂಕಟವಾಗುತ್ತದೆ.

ಈ ಕಾಯಿಲೆಗೆ ತಮ್ಮ ಹೆಸರು ಕೊಟ್ಟ ವೈದ್ಯ ಹಾರ್ವಿ ಕುಶಿಂಗ್‌ಗೆ ಅಳೆಯಲು ಏನೂ ಇರಲಿಲ್ಲ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಅವರು 1910ರಲ್ಲಿ ಕಂಡದ್ದು ಮಿನ್ನಿ ಜಿ. ಎಂಬ 23ರ ಯುವತಿಯನ್ನು. 1912ರ ಪುಸ್ತಕದಲ್ಲಿ ಅವಳ ವಿವರ ಬರೆದರು. 1932ರಲ್ಲಿ 12 ರೋಗಿಗಳ ಕಥೆ ಒಟ್ಟುಗೂಡಿಸಿ, ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯ ಪುಟ್ಟ ಗಡ್ಡೆಯೇ ಮೂಲವೆಂದರು. ಕೆಲವರಲ್ಲಿ ಮೂಲ ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿಯ ಗಡ್ಡೆ ಎಂಬುದೂ ಗೊತ್ತಾಯಿತು. ಹೊರಗಿನ ರೂಪ ಒಂದೇ, ಬೇರು ಬೇರೆ. ತಲೆಗೆ ಕೈಹಾಕಬೇಕೋ ಹೊಟ್ಟೆಗೋ ಎಂಬ ಪ್ರಶ್ನೆ ಅಲ್ಲಿಂದಲೇ ಶುರು.

ಅಳೆಯಲು ಮೊದಲು ಸಿಕ್ಕ ದಾರಿ ಮೂತ್ರ. 1950ರಲ್ಲಿ ಪೋರ್ಟರ್ ಮತ್ತು ಸಿಲ್ಬರ್ ಎಂಬುವರು ಕಂಡುಕೊಂಡ ವಿಧಾನದಲ್ಲಿ ಸ್ಟೀರಾಯ್ಡಿನ ಅಂಶ ಫಿನೈಲ್‌ಹೈಡ್ರಜೀನ್ ಜೊತೆ ಸೇರಿ ಹಳದಿ ಬಣ್ಣ ಕೊಡುತ್ತಿತ್ತು. ಬಣ್ಣ ಎಷ್ಟು ಗಾಢವೋ ಸ್ಟೀರಾಯ್ಡ್ ಅಷ್ಟು. ಅಳೆಯುವ ವಿಧಾನ ಬದಲಾದರೂ ಇಡೀ ದಿನದ ಮೂತ್ರ ಹಿಡಿಯುವ ಪಾಡು ಇಂದಿಗೂ ಹೋಗಿಲ್ಲ. ಬೆಳಗಿನ ಮೊದಲ ಮೂತ್ರ ಚೆಲ್ಲಬೇಕು, ಆಮೇಲಿನದೆಲ್ಲ ಕ್ಯಾನಿಗೆ, ಮರುದಿನ ಬೆಳಗಿನದೂ ಸೇರಿ. ಅರ್ಧ ದಿನ ಹೊಲದಲ್ಲಿರುವ ಹೆಣ್ಣುಮಕ್ಕಳಿಗೆ ಇದನ್ನು ಹೇಳುವುದಾದರೂ ಹೇಗೆ? ಬಸ್ಸಿನಲ್ಲಿ ಆ ಕ್ಯಾನನ್ನು ಸೆರಗಿನಡಿ ಮುಚ್ಚಿಕೊಂಡು ಬರುತ್ತಿದ್ದರು. ಒಂದು ಹೊತ್ತಿನದು ತಪ್ಪಿದರೂ ಲೆಕ್ಕ ಸುಳ್ಳು. ನಾಚಿಕೆಯಿಂದ ತಪ್ಪಿದ್ದನ್ನು ಹೇಳುತ್ತಿರಲಿಲ್ಲ. ಆ ನಾಚಿಕೆಗೆ ಜಾಗ ಮಾಡಿಕೊಡದ ಪರೀಕ್ಷೆ ನಮ್ಮ ಊರುಗಳಲ್ಲಿ ಸರಿಯಾಗಿ ನಡೆಯುವುದಿಲ್ಲ.

ಅಳೆಯುವ ದಾರಿ ಹುಡುಕುತ್ತಿದ್ದ ಕಾಲದಲ್ಲೇ ಔಷಧವೂ ಬಂತು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ರೋಗಿಗೆ ಕಾರ್ಟಿಸಾಲ್‌ನ ಸೋದರನಂಥ ಕಾರ್ಟಿಸೋನ್ ಚುಚ್ಚಿದರು. ಕೆಲವೇ ದಿನದಲ್ಲಿ ರೋಗಿ ಎದ್ದು ನಡೆದಾಡಿದರು. 1950ರಲ್ಲಿ ಹೆಂಚ್, ಈ ಹಾರ್ಮೋನುಗಳ ಮೇಲೆ ಕೆಲಸ ಮಾಡಿದ್ದ ಕೆಂಡಲ್, ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಅದೇ ದಶಕದ ಕೊನೆಗೆ ಇನ್ನೂ ಬಲಶಾಲಿಯಾದ ಡೆಕ್ಸಾಮೆಥಾಸೋನ್ ತಯಾರಾಯಿತು. ಸಂತೆಯ ಪುಡಿಯ ಮೂಲಪುರುಷ ಇದೇ. ರೋಗ ತರಿಸಬಲ್ಲ ಈ ಔಷಧವನ್ನೇ 1960ರಲ್ಲಿ ಗ್ರಾಂಟ್ ಲಿಡ್ಲ್ ಪರೀಕ್ಷೆಯ ಸಾಧನ ಮಾಡಿದರು. ಆರೋಗ್ಯವಂತರಿಗೆ ಡೆಕ್ಸಾಮೆಥಾಸೋನ್ ಕೊಟ್ಟರೆ ಪಿಟ್ಯುಟರಿ ಸುಮ್ಮನಾಗಿ ಕಾರ್ಟಿಸಾಲ್ ಇಳಿಯುತ್ತದೆ; ರೋಗಿಯಲ್ಲಿ ಇಳಿಯದು. ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಪಿಟ್ಯುಟರಿ ಗಡ್ಡೆ ಸಾಮಾನ್ಯವಾಗಿ ಬಗ್ಗುತ್ತದೆ, ಅಡ್ರಿನಲ್ ಗಡ್ಡೆ ಜಗ್ಗುವುದಿಲ್ಲ. ಈಗ ರಾತ್ರಿ 11ಕ್ಕೆ 1 ಮಿಲಿಗ್ರಾಂ ಮಾತ್ರೆ, ಬೆಳಗ್ಗೆ 8ಕ್ಕೆ ರಕ್ತ; ಕಾರ್ಟಿಸಾಲ್ ಡೆಸಿಲೀಟರಿಗೆ 1.8 ಮೈಕ್ರೊಗ್ರಾಂ ಮೀರಿದರೆ ಮುಂದಿನ ತನಿಖೆ. ಎಷ್ಟು ಸರಳ, ಎಷ್ಟು ಅಗ್ಗ! ಮಾನವಬುದ್ಧಿಯ ಮೇಲೆ ಗೌರವ ಹುಟ್ಟಿಸುವ ಪರೀಕ್ಷೆ ಇದು.

ರೋಸಲಿನ್ ಯಾಲೋ ಮತ್ತು ಬರ್ಸನ್ ವಿಕಿರಣದ ಗುರುತು ಹಚ್ಚಿ ಹಾರ್ಮೋನು ಅಳೆಯುವ ಉಪಾಯ ಕಂಡುಹಿಡಿದ ಮೇಲೆ, ಕಾರ್ಟಿಸಾಲ್ ತಯಾರಿಸೆಂದು ಅಡ್ರಿನಲ್‌ಗೆ ಪಿಟ್ಯುಟರಿ ಕಳಿಸುವ ಎಸಿಟಿಎಚ್ ಎಂಬ ಹಾರ್ಮೋನನ್ನೇ ರಕ್ತದಲ್ಲಿ ಅಳೆಯಲಾಯಿತು. ಬರ್ಸನ್ 1972ರಲ್ಲಿ ತೀರಿಕೊಂಡರು, ಯಾಲೋಗೆ 1977ರಲ್ಲಿ ನೊಬೆಲ್ ಬಂತು. ಎಸಿಟಿಎಚ್ ಅಡಗಿಹೋಗಿದ್ದರೆ ತಪ್ಪು ಅಡ್ರಿನಲ್‌ನದು. ಇದ್ದರೆ, ಏರಿದ್ದರೆ, ಪಿಟ್ಯುಟರಿಯದು, ಇಲ್ಲವೇ ಶ್ವಾಸಕೋಶದಂಥ ಕಡೆ ಅಡಗಿದ ಗಡ್ಡೆಯದು. ಆದರೆ ಈ ಹಾರ್ಮೋನು ಬಲು ನಾಜೂಕು. ತಣ್ಣಗಿನ ನೇರಳೆ ಮುಚ್ಚಳದ ಟ್ಯೂಬಿಗೆ ರಕ್ತ ಎಳೆದು, ಐಸಿನಲ್ಲಿಟ್ಟು, ತಕ್ಷಣ ತಣ್ಣಗಿನ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಪ್ಲಾಸ್ಮಾವನ್ನು ಫ್ರೀಜ್ ಮಾಡಿ ಕಳಿಸಬೇಕು. ಏಪ್ರಿಲ್ ಬಿಸಿಲಿನಲ್ಲಿ ಐಸು ಕರಗಿದರೆ ಎಸಿಟಿಎಚ್ ಸುಳ್ಳುಸುಳ್ಳೇ ಕಡಿಮೆ ಬರುತ್ತದೆ, ತಲೆಯ ರೋಗಿ ಹೊಟ್ಟೆಯ ಸ್ಕ್ಯಾನಿಗೆ ಹೋಗುತ್ತಾಳೆ. ಹಾಗಾಗಿ ಈ ಒಂದು ಪರೀಕ್ಷೆಗೆ ನಮ್ಮ ಹತ್ತಿರದ ಹೊನ್ನಾಳಿಯಲ್ಲಿ ರಕ್ತ ತೆಗೆಸಿ ಕಳಿಸಬೇಡಿ, ರೋಗಿಯೇ ದೊಡ್ಡ ಲ್ಯಾಬಿಗೆ ಹೋಗಲಿ ಎನ್ನುತ್ತಿದ್ದೆ.

ಚೀಲೂರಿನ ಕಡೆಯ ಇನ್ನೊಬ್ಬ ಹೆಣ್ಣುಮಗಳಿಗೆ ಮೂವತ್ತೂ ದಾಟಿರಲಿಲ್ಲ, ಆಗಲೇ ಬಿ.ಪಿ., ಶುಗರು ಎರಡೂ. ಸಂಚಿಯಲ್ಲಿ ಏನೂ ಸಿಗಲಿಲ್ಲ. ಡೆಕ್ಸಾಮೆಥಾಸೋನ್ ಕೊಟ್ಟರೂ ಕಾರ್ಟಿಸಾಲ್ ಇಳಿಯಲಿಲ್ಲ, ಎಸಿಟಿಎಚ್ ಏರಿತ್ತು. ಎಂಆರ್‌ಐಯಲ್ಲಿ ಪಿಟ್ಯುಟರಿಯೊಳಗೆ ಸಾಸಿವೆಯಷ್ಟು ಚುಕ್ಕೆ. ಇಲ್ಲೇ ಎಚ್ಚರ ಬೇಕು: ಏನೂ ಕಾಯಿಲೆಯಿಲ್ಲದ ಹತ್ತು ಜನರನ್ನು ಸ್ಕ್ಯಾನ್ ಮಾಡಿದರೆ ಒಬ್ಬರಲ್ಲಾದರೂ ಇಂಥ ಚುಕ್ಕೆ ಕಾಣುತ್ತದೆ. ಅವಳನ್ನು ಬೆಂಗಳೂರಿಗೆ ಕಳಿಸಿದರು. ಅಲ್ಲಿ ತೊಡೆಸಂದಿನ ರಕ್ತನಾಳದಿಂದ ಸಣ್ಣ ಕೊಳವೆ ಏರಿಸಿ, ಪಿಟ್ಯುಟರಿಯ ರಕ್ತ ಇಳಿದುಬರುವ ಎಡ, ಬಲ ನಾಳಗಳಿಂದ ಸ್ಯಾಂಪಲ್ ತೆಗೆದರು. ಕೈಯ ರಕ್ತಕ್ಕಿಂತ ಅಲ್ಲಿ ಎಸಿಟಿಎಚ್ ಎರಡು ಪಟ್ಟಾದರೂ ಇದ್ದರೆ ಮೂಲ ಪಿಟ್ಯುಟರಿ. ಪ್ರಚೋದಕ ಚುಚ್ಚುಮದ್ದಿನ ಮೇಲಾದರೆ ಮೂರು ಪಟ್ಟು. 1991ರಲ್ಲಿ ಓಲ್ಡ್‌ಫೀಲ್ಡ್ ತಂಡ ಪ್ರಕಟಿಸಿದ ಈ ಲೆಕ್ಕವೇ ಇಂದಿಗೂ ಆಧಾರ. ಅವಳ ಲೆಕ್ಕ ಪಿಟ್ಯುಟರಿಯನ್ನೇ ತೋರಿಸಿತು. ಮೂಗಿನ ಮೂಲಕ ಗಡ್ಡೆ ತೆಗೆದರು. ಆಪರೇಷನ್ ಆದ ಮೇಲೆ ಕಾರ್ಟಿಸಾಲ್ ತಳ ಹಿಡಿದಾಗ ಮನೆಯವರು ಹೆದರಿದರಂತೆ. ಗಡ್ಡೆ ಪೂರ್ತಿ ಬಂದಿದೆ ಎನ್ನುವುದಕ್ಕೆ ಅದೇ ಒಳ್ಳೆಯ ಗುರುತು.

ರೋಗ ಮರಳಬಹುದಾದ್ದರಿಂದ ತಪಾಸಣೆ ನಿಲ್ಲಿಸುವಂತಿಲ್ಲ. ಆರೋಗ್ಯವಂತರಲ್ಲಿ ಕಾರ್ಟಿಸಾಲ್ ನಡುರಾತ್ರಿಗೆ ತೀರ ಇಳಿದಿರುತ್ತದೆ, ಮರಳುವ ರೋಗ ಆ ಇಳಿತವನ್ನು ಕೆಡಿಸುತ್ತದೆ. ಅದನ್ನು ಈಗ ಜೊಲ್ಲಿನಲ್ಲೇ ಅಳೆಯುತ್ತಾರೆ. ಊಟವಾಗಿ ಒಂದಷ್ಟು ಹೊತ್ತು ಬಿಟ್ಟು, ಎಲೆಅಡಿಕೆ ಹಾಕದೆ, ಹಲ್ಲುಜ್ಜದೆ, ಮಲಗುವ ಮುನ್ನ ಕೊಟ್ಟ ಹತ್ತಿಯನ್ನು ಬಾಯಲ್ಲಿಟ್ಟು ಅಗಿದು ಟ್ಯೂಬಿಗೆ ಹಾಕಿದರಾಯಿತು. ಇದಕ್ಕೆ ಐಸು ಬೇಡ, ಆಸ್ಪತ್ರೆಯಲ್ಲಿ ರಾತ್ರಿ ಕಳೆಯುವುದು ಬೇಡ, ಕ್ಯಾನೂ ಬೇಡ. ಅವಳು ಅದನ್ನು ವರ್ಷಕ್ಕೊಮ್ಮೆ ಮನೆಯಲ್ಲೇ ತೆಗೆದು ಬೆಳಗಿನ ಬಸ್ಸಿಗೆ ಗಂಡನ ಕೈಲಿ ಕೊಟ್ಟು ಕಳಿಸುತ್ತಾಳೆ.