ಪೂರ್ವ ಆಫ್ರಿಕಾದ ವನ್ಯಧಾಮಗಳು: ಗಡಿ ದಾಟುವ ಹಿಂಡುಗಳು, ಜಾಗ ಬಿಟ್ಟ ದನಗಾಹಿಗಳು

'ಸಫಾರಿ' ಎಂಬ ಮಾತು ಈಗ ಬಂಡೀಪುರ, ಮುದುಮಲೆಗಳಲ್ಲಿಯೂ ಬಳಕೆಯಲ್ಲಿದೆ. ಸ್ವಾಹಿಲಿ ಭಾಷೆಯಲ್ಲಿ ಅದಕ್ಕೆ ಬರೀ ಪ್ರಯಾಣ ಎಂದರ್ಥ. ಉರ್ದು ಬಲ್ಲ ನಮ್ಮ ಗಡಿನಾಡಿನವರಿಗೆ 'ಸಫರ್' ಗೊತ್ತೇ ಇದೆ. ಎರಡಕ್ಕೂ ಮೂಲ ಅರಬ್ಬಿ.

ಪೂರ್ವ ಆಫ್ರಿಕಾದಲ್ಲಿ ನೋಡಲೇಬೇಕಾದ ಜಾಗ ಎಂದರೆ ಟಾಂಜಾನಿಯಾದ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನ (14,763 ಚ.ಕಿ.ಮೀ., ಸ್ಥಾಪನೆ 1951) ಮತ್ತು ಉತ್ತರಕ್ಕೆ ಅದಕ್ಕೆ ಅಂಟಿಕೊಂಡಿರುವ ಕೆನ್ಯಾದ ಮಸಾಯಿ ಮಾರಾ (ಸುಮಾರು 1,510 ಚ.ಕಿ.ಮೀ.). ನಡುವೆ ಇರುವುದು ದೇಶದ ಗಡಿ, ಬೇಲಿಯಲ್ಲ. ವಯನಾಡು–ಬಂಡೀಪುರದ ಆನೆಗಳಂತೆ ಇಲ್ಲಿನ ಪ್ರಾಣಿಗಳೂ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಸುಮಾರು 13 ಲಕ್ಷ ವೈಲ್ಡ್‌ಬೀಸ್ಟ್‌ಗಳು, ಜತೆಗೆ ಲಕ್ಷಗಟ್ಟಲೆ ಜೀಬ್ರಾಗಳು ಮಳೆ ಮತ್ತು ಹುಲ್ಲಿನ ಬೆನ್ನು ಹತ್ತಿ ವರ್ಷವಿಡೀ ಸುತ್ತುತ್ತವೆ. ವೈಲ್ಡ್‌ಬೀಸ್ಟ್ ಹುಲ್ಲೆ ಜಾತಿಯದು. ಕೊಂಬು ಎಮ್ಮೆಯದೇನೋ, ಬಾಲ ಕುದುರೆಯದೇನೋ ಎನ್ನುವ ಹಾಗಿರುತ್ತದೆ.

ಜನವರಿಯಿಂದ ಮಾರ್ಚ್‌ವರೆಗೆ ಹಿಂಡು ದಕ್ಷಿಣದ ಎನ್‌ಡುಟು ಬಯಲಿನಲ್ಲಿರುತ್ತದೆ. ಅಲ್ಲಿಯ ಜ್ವಾಲಾಮುಖಿ ಬೂದಿಯ ಮಣ್ಣಿನಲ್ಲಿ ಬೆಳೆಯುವ ಗಿಡ್ಡ ಹುಲ್ಲಿನಲ್ಲಿ ಖನಿಜಾಂಶ ಹೆಚ್ಚು. ಕರು ಹಾಕುವುದು ಅಲ್ಲೇ, ಬಹುಪಾಲು ಎರಡು ಮೂರು ವಾರಗಳೊಳಗೆ. ಜುಲೈಯಿಂದ ಅಕ್ಟೋಬರ್‌ವರೆಗೆ ಮೊಸಳೆಗಳಿರುವ ಮಾರಾ ನದಿಯನ್ನು ದಾಟುವ ದೃಶ್ಯ. ಜಾಹೀರಾತಿನವರು ತೋರಿಸುವುದು ಇದನ್ನೇ. ಆದರೆ ಹಿಂಡು ದಡಕ್ಕೆ ಬಂದು ಗಂಟೆಗಟ್ಟಲೆ ನಿಂತು ಹಿಂದಿರುಗುವುದೂ ಉಂಟು. ಒಂದೇ ದಿನಕ್ಕೆಂದು ಹೋದವರು ಬರಿಗಣ್ಣಲ್ಲಿ ಬಂದಾರು.

ಈ ಹಿಂಡು ಇಷ್ಟು ದೊಡ್ಡದಾದ ಕಥೆ ನಮ್ಮ ರೈತರಿಗೆ ಅರ್ಥವಾಗುವಂಥದ್ದು. 1890ರ ದಶಕದಲ್ಲಿ ದನಗಳ 'ದೊಡ್ಡರೋಗ' (ರಿಂಡರ್‌ಪೆಸ್ಟ್) ಪೂರ್ವ ಆಫ್ರಿಕಾವನ್ನು ಹೊಕ್ಕು ದನ, ಕಾಡೆಮ್ಮೆ, ವೈಲ್ಡ್‌ಬೀಸ್ಟ್ ಎಲ್ಲವನ್ನೂ ಸವರಿಹಾಕಿತು. ದನವನ್ನೇ ನಂಬಿದ್ದ ಮಸಾಯಿ ಜನ ಕ್ಷಾಮಕ್ಕೆ ಸಿಕ್ಕಿದರು. ಮುಂದೆ ಕೆನ್ಯಾದ ಮುಗುಗಾದಲ್ಲಿ ವಾಲ್ಟರ್ ಪ್ಲೊರೈಟ್ ಮತ್ತು ಸಂಗಡಿಗರು ಉತ್ತಮ ಲಸಿಕೆಯೊಂದನ್ನು ಸಿದ್ಧಪಡಿಸಿದರು. ಚುಚ್ಚಿದ್ದು ದನಗಳಿಗೆ ಮಾತ್ರ. ದನಗಳಲ್ಲಿ ರೋಗ ನಿಂತಾಗ ಕಾಡುಪ್ರಾಣಿಗಳಲ್ಲಿಯೂ ತಾನಾಗಿ ನಿಂತಿತು. 1960ರ ದಶಕದ ಆರಂಭದಲ್ಲಿ ಸುಮಾರು ಎರಡೂವರೆ ಲಕ್ಷವಿದ್ದ ವೈಲ್ಡ್‌ಬೀಸ್ಟ್ 1970ರ ದಶಕದ ಕೊನೆಗೆ 13 ಲಕ್ಷ ಮುಟ್ಟಿತು. 2011ರಲ್ಲಿ ರೋಗ ಜಗತ್ತಿನಿಂದಲೇ ಅಳಿಯಿತೆಂದು ಘೋಷಿಸಲಾಯಿತು.

ದನ ಕಾಯುವವರಿಗೆ ಸಿಕ್ಕಿದ್ದೇನು? 1959ರಲ್ಲಿ ಸೆರೆಂಗೆಟಿ ಉದ್ಯಾನದೊಳಗಿದ್ದ ಮಸಾಯಿಗಳನ್ನು ಪಕ್ಕದ ಎನ್‌ಗೊರೊಂಗೊರೊಗೆ ಕಳಿಸಲಾಯಿತು, ಅಲ್ಲಿ ಇರಬಹುದು ಎಂಬ ಮಾತಿನೊಂದಿಗೆ. ಎನ್‌ಗೊರೊಂಗೊರೊ ಎಂದರೆ ಆರಿದ ಜ್ವಾಲಾಮುಖಿ ಕುಸಿದು ಉಂಟಾದ ಬೋಗುಣಿ. ಆಳ ಸುಮಾರು 600 ಮೀಟರ್, ತಳ ಸುಮಾರು 260 ಚ.ಕಿ.ಮೀ. ಸಿಂಹ, ಆನೆ, ಅಪರೂಪದ ಕಪ್ಪು ಖಡ್ಗಮೃಗ ಒಂದೇ ಕಡೆ ಸಿಗುತ್ತವೆ. 1974ರಲ್ಲಿ ಈ ತಳದಲ್ಲಿದ್ದ ಮಸಾಯಿ ಹಟ್ಟಿಗಳನ್ನು ತೆರವು ಮಾಡಿದರು. 2022ರಿಂದ ಎನ್‌ಗೊರೊಂಗೊರೊದ ಕುಟುಂಬಗಳನ್ನು ದೂರದ ಹಂಡೇನಿ ಜಿಲ್ಲೆಯ ಎಂಸೊಮೇರಾಕ್ಕೆ ಸಾಗಿಸತೊಡಗಿದರು. ಸ್ವಇಚ್ಛೆಯ ಸ್ಥಳಾಂತರ ಎಂಬುದು ಸರ್ಕಾರದ ಮಾತು. ಅನೇಕ ಮಸಾಯಿಗಳು ಒಪ್ಪುವುದಿಲ್ಲ. ಅದೇ ವರ್ಷ ಜೂನ್‌ನಲ್ಲಿ ಲೊಲಿಯೊಂಡೊದಲ್ಲಿ ಗಡಿಕಲ್ಲು ನೆಡುವಾಗ ಘರ್ಷಣೆಯೇ ಆಯಿತು. ಹೋಗುವವರು ಗೈಡನ್ನು ಸಿಂಹದ ಬಗ್ಗೆ ಕೇಳಿದಷ್ಟೇ ಇದನ್ನೂ ಕೇಳಬೇಕು.

ಇತರ ಧಾಮಗಳಲ್ಲಿ ಕೆನ್ಯಾದ ಅಂಬೊಸೆಲಿಯನ್ನು ಹೇಳಬೇಕು: 5,895 ಮೀಟರ್ ಎತ್ತರದ ಕಿಲಿಮಂಜಾರೊ ಹಿನ್ನೆಲೆಯಲ್ಲಿ ಆನೆಗಳ ಸಾಲು. ಹುಲಿ ಮಾತ್ರ ಆಫ್ರಿಕಾದ ಯಾವ ಕಾಡಿನಲ್ಲೂ ಇಲ್ಲ.

ಹೋಗುವವರಿಗೆ ಕೆಲವು ಮಾತು. ಪ್ರಾಣಿಗಳು ದಾಟುವ ಗಡಿಯನ್ನು ಪ್ರವಾಸಿ ವಾಹನ ದಾಟುವಂತಿಲ್ಲ. ಮಾರಾದಿಂದ ಸೆರೆಂಗೆಟಿಗೆ ಇಸೆಬಾನಿಯಾ ಇಲ್ಲವೇ ನಮಾಂಗಾ ಠಾಣೆಯ ಮೂಲಕ ಸುತ್ತಿ ಹೋಗಬೇಕು. ಎರಡು ದೇಶಕ್ಕೂ ಬೇರೆ ಬೇರೆ ಅನುಮತಿ ಪತ್ರ; ಕೆನ್ಯಾ 2024ರಿಂದ ವೀಸಾ ಬದಲು ಇ-ಅನುಮತಿ ತಂದಿದೆ. ಹಳದಿ ಜ್ವರದ ಲಸಿಕೆಯನ್ನು ಹೊರಡುವ ಕನಿಷ್ಠ 10 ದಿನ ಮೊದಲೇ ಹಾಕಿಸಿ ಪ್ರಮಾಣಪತ್ರ ಇಟ್ಟುಕೊಳ್ಳಿ. ಅದಿಲ್ಲದೆ ಕೆನ್ಯಾದಿಂದ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಪ್ರತ್ಯೇಕವಾಗಿ ಇರಿಸಬಹುದು. ಸಮಭಾಜಕ ವೃತ್ತದ ಹತ್ತಿರವೆಂದು ಸ್ವೆಟರ್ ಬಿಟ್ಟು ಹೋಗಬೇಡಿ; ಎನ್‌ಗೊರೊಂಗೊರೊ ಅಂಚು 2,200 ಮೀಟರ್‌ಗೂ ಎತ್ತರ, ಬೆಳಗಿನ ಚಳಿ ನೀಲಗಿರಿಯದೇ. ಚಕ್ಕುಲಿ, ಅವಲಕ್ಕಿ ಕಟ್ಟುವುದಾದರೆ ಬಟ್ಟೆ ಚೀಲದಲ್ಲಿ ಕಟ್ಟಿ. ಪ್ಲಾಸ್ಟಿಕ್ ಕೈಚೀಲಗಳಿಗೆ ಕೆನ್ಯಾದಲ್ಲಿ 2017ರಿಂದ, ಟಾಂಜಾನಿಯಾದಲ್ಲಿ 2019ರಿಂದ ನಿಷೇಧವಿದೆ.